ರಕ್ತಚಂದನದ ಗೆರೆ

ಒಗ್ಗರಣೆಯಿಲ್ಲದ ಗಂಜಿಗೂ ಒಂದು ವಾಸನೆಯಿದೆ. ಏಳು ವರ್ಷದವಳಿದ್ದಾಗ ಹನ್ನೆರಡು ದಿನ ನಾನು ಆ ವಾಸನೆಯಲ್ಲೇ ಮಲಗಿದ್ದೆ. ಬೆಂದ ಕುಚ್ಚಲಕ್ಕಿ, ಚಾಪೆಯ ಮೇಲೆ ಹರಡಿದ ಬೇವಿನ ಸೊಪ್ಪು, ಕಿಟಕಿಯಾಚೆ ಹಂಚಿನ ಕಾರ್ಖಾನೆಯ ಒದ್ದೆ ಜೇಡಿಮಣ್ಣು, ಮೂರೂ ಸೇರಿದ ವಾಸನೆ. ಅಪ್ಪ ಆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ನನಗೆ ಸೀತಾಳೆ ಸಿಡುಬು ಬಂದಿತ್ತು. ದೊಡ್ಡವರು ಅದರ ಹೆಸರೆತ್ತುತ್ತಿರಲಿಲ್ಲ, 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಅಮ್ಮ ಹೋಗುವವರೆಗೆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮೀನು ತರುವಂತಿಲ್ಲ. ನನ್ನ ಗಂಜಿಯ ಬಟ್ಟಲನ್ನು ಹೊಸ್ತಿಲಲ್ಲಿಟ್ಟು ಪೊರಕೆಯ ಹಿಡಿಯಿಂದ ಒಳಗೆ ತಳ್ಳುತ್ತಿದ್ದರು.

ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದ ಚೆನ್ನು ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಅವಳ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. "ನನಗೆ ಬಂದು ಹೋಗಿದೆ ಮಗಾ, ಇನ್ನೆಂತ ಹೆದರಿಕೆ" ಎನ್ನುತ್ತ ಒಳಗೇ ಬಂದು ಬಟ್ಟಲನ್ನು ನನ್ನ ಕೈಯಲ್ಲಿಡುತ್ತಿದ್ದಳು. ಅವಳಿಗೆ ಬಂದದ್ದು ಬೇರೆ ರೋಗ, ನನಗೆ ಬಂದದ್ದು ಬೇರೆ ಎಂದು ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಹನ್ನೆರಡು ದಿನಕ್ಕೆ ಅದು ಹೋಯಿತು ಎಂದು ಅರವತ್ತೊಂದು ವರ್ಷ ನಂಬಿದ್ದೆ. ಹೋಗಿರಲಿಲ್ಲ ಎಂದು ತಿಳಿದದ್ದು ಈ ಜನವರಿಯಲ್ಲಿ, ಗಲ್ಫಿನ ಮುಹರ್ರಕ್ ಊರಿನಲ್ಲಿರುವ ಮಗನ ಮನೆಯಲ್ಲಿ.

ಮಗ ಜಯಂತ್ ಏಸಿ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಸೊಸೆ ಸುಪ್ರೀತಾ ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಶನ್ನಿನಲ್ಲಿ ಕೂರುತ್ತಾಳೆ. ಮೊಮ್ಮಗಳು ನಿಶ್ಮಿತಾಳಿಗೆ ಎಂಟು ವರ್ಷ. ಸುಪ್ರೀತಾ ಎರಡನೆಯ ಸಲ ಬಸುರಿಯಾದಾಗ ಅಡಿಗೆಗೊಂದು ಕೈಯಾಗಲಿ ಎಂದು ನನ್ನನ್ನು ಕರೆಸಿಕೊಂಡರು. ಮೂರನೆಯ ಮಹಡಿಯ ಫ್ಲ್ಯಾಟು. ಕೆಳಗೆ ಖುಬ್ಬೂಸ್ ರೊಟ್ಟಿ ಸುಡುವ ಅಂಗಡಿಯ ಒಲೆ, ಮೇಲೆ ಸದಾ ಇಳಿಯುವ, ಏರುವ ವಿಮಾನಗಳು. ನಾನು ಮಲಗುತ್ತಿದ್ದದ್ದು ನಿಶ್ಮಿತಾಳ ಕೋಣೆಯಲ್ಲಿ. ನಾನು ಊರಿನಿಂದ ತಂದಿದ್ದ ಒಣಸೀಗಡಿಯ ವಾಸನೆ ಬಸುರಿಗೆ ಆಗುತ್ತಿರಲಿಲ್ಲ. ಹಾಗಾಗಿ ಆ ಡಬ್ಬಿ ಮುಚ್ಚಳಕ್ಕೆ ಟೇಪು ಸುತ್ತಿಸಿಕೊಂಡು ಫ್ರಿಜ್ಜಿನ ಮೇಲೆ ಕೂತಿತ್ತು.

ಮೊದಲು ಬಲಪಕ್ಕೆಯಲ್ಲಿ ಉರಿ ಶುರುವಾಯಿತು. ಬಿಸಿನೀರಿನ ಚೀಲ ತಗಲಿರಬೇಕು ಎಂದುಕೊಂಡೆ. ಮೂರನೆಯ ದಿನ ಬೆನ್ನಿನಿಂದ ಹೊಕ್ಕುಳಿನ ಹತ್ತಿರದವರೆಗೆ ಅರ್ಧ ಸುತ್ತು ನೀರುಗುಳ್ಳೆ ಎದ್ದವು.

"ಎಂತ ಅತ್ತೆ, ಸೀರೆ ತಾಗಿದರೆ ಹೀಗೆ ಹಾರ್ತೀರಿ?" ಎಂದಳು ಸುಪ್ರೀತಾ.

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಉಂಟು. ತೋರಿಸಿ."

ನೋಡಿದವಳೇ ಸುರತ್ಕಲ್ಲಿನ ಲೋಕಯ್ಯ ಭಾವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಅವರು ತೀರಿಹೋದ ನನ್ನ ಯಜಮಾನರ ಅಣ್ಣ. ನಾಲ್ಕೂರಿನವರಿಗೆ ನಾರುಬೇರಿನ ಮದ್ದು ಕೊಡುತ್ತಾರೆ.

"ಫೋಟೋ ಕಳಿಸ್ಲಾ ದೊಡ್ಡ ಮಾವ?"

"ಬೇಡ ಮಾರಾಯ್ತಿ!" ಎಂದೆ ನಾನು. "ಭಾವನಿಗೆ ನನ್ನ ಬೆನ್ನಿನ ಫೋಟೋವಾ?"

ಭಾವನಿಗೆ ಫೋಟೋ ಬೇಕಾಗಲಿಲ್ಲ. "ಸರ್ಪಸುತ್ತು. ಬೇರೆ ಮಾತೇ ಇಲ್ಲ. ಅದರ ತಲೆ ಬಾಲ ಸೇರಬಾರದು, ಸೇರಿದರೆ ಜೀವಕ್ಕೆ ಅಪಾಯ. ತಲೆಯ ಮುಂದೊಂದು, ಬಾಲದ ಹಿಂದೊಂದು ರಕ್ತಚಂದನದ ಗೆರೆ ಎಳೀಬೇಕು. ಉಳಿದದ್ದನ್ನು ಗುಳ್ಳೆಗೆ ಹಚ್ಚಬೇಕು. ಬೆಳಿಗ್ಗೆ, ಮಾತಾಡದೆ."

"ನಾನೇ ಎಳ್ಕೊಳ್ತೇನೆ ಭಾವ."

"ಬೆನ್ನಿಗೆ ನೀನೇ ಹೇಗೆ ಎಳೀತಿ? ಮನೆಯಲ್ಲಿ ಬಸುರಿ ಇದ್ದಾಳಲ್ಲ. ಬಸುರಿಯ ಎದುರು ಹಾವು ಮುಂದೆ ಸರಿಯುವುದಿಲ್ಲ. ಅವಳ ಕೈಯಿಂದಲೇ ಆಗಲಿ."

ನನ್ನ ದೇವರ ಪೆಟ್ಟಿಗೆಯಲ್ಲಿ ಬೆರಳುದ್ದದ ರಕ್ತಚಂದನದ ತುಂಡಿತ್ತು. ಸಾಣೆಕಲ್ಲು ಇರಲಿಲ್ಲ. ಜಯಂತ್ ಕೆಲಸಕ್ಕೆ ಹೊರಡುವ ಮೊದಲು ಬಾಲ್ಕನಿಯ ಸಿಮೆಂಟು ಕಟ್ಟೆಯ ಮೇಲೆ ಅದನ್ನು ತೇದು ಕೊಟ್ಟ. ಸುಪ್ರೀತಾ ಬಾಗಿಲು ಹಾಕಿ, ನನ್ನ ಹಿಂದೆ ಕೂತು, ಉಂಗುರದ ಬೆರಳಿನಿಂದ ಗೆರೆ ಎಳೆದಳು. ಆಮೇಲೆ ಒಂದೊಂದೇ ಗುಳ್ಳೆಗೆ ಹಚ್ಚಿದಳು. ಕೆಲವು ಒಡೆದವು. ಅವಳ ಬೆರಳು ತಣ್ಣಗಿತ್ತು. ಐದು ಬೆಳಿಗ್ಗೆ ಹೀಗೆ ನಡೆಯಿತು.

ಐದನೆಯ ದಿನ ಶುಕ್ರವಾರ, ಇಲ್ಲಿಯ ವಾರದ ರಜೆ. ಎದುರು ಫ್ಲ್ಯಾಟಿನ ಕ್ಲೊಟಿಲ್ಡಾ ಇಗರ್ಜಿಯಿಂದ ಬಂದವಳು ಒಂದು ಡಬ್ಬಿ ಇಡ್ಲಿಯಂಥ ಸಾನ್ನಾ ಹಿಡಿದುಕೊಂಡು ಬಂದಳು. ಅವಳು ಇಪ್ಪತ್ತು ವರ್ಷದಿಂದ ಇಲ್ಲಿ ನರ್ಸು. ಡಬ್ಬಿ ತೆಗೆದುಕೊಳ್ಳಲು ಚಾಚಿದ ಸುಪ್ರೀತಾಳ ಕೈಬೆರಳು ಕೆಂಪಾಗಿತ್ತು.

"ಗಾಯವಾ?"

"ಅಲ್ಲ ಆಂಟಿ, ಚಂದನ. ಅತ್ತೆಗೆ ಸರ್ಪಸುತ್ತು ಆಗಿದೆಯಲ್ಲ."

ಕ್ಲೊಟಿಲ್ಡಾ ಡಬ್ಬಿಯನ್ನು ಅವಳಿಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟಳು. "ನೀನು ಮೊದಲು ಹೋಗಿ ಸೋಪು ಹಾಕಿ ಕೈ ತೊಳಿ. ಮೊಣಕೈವರೆಗೆ." ಆಮೇಲೆ ನನ್ನ ಪಕ್ಕೆ ನೋಡಿದಳು. "ಸುಪ್ರೀತಾ, ನಿನಗೆ ಚಿಕನ್ ಪಾಕ್ಸ್ ಬಂದಿದೆಯಾ?"

"ಗೊತ್ತಿಲ್ಲ. ಯಾಕೆ?"

ಜಯಂತ್ ಬನಿಯನ್ನಿನಲ್ಲೇ ಬಂದು ಮೇಜಿನ ಎದುರು ಕೂತ. ಕ್ಲೊಟಿಲ್ಡಾ ಅವನಿಗೆ ಹೇಳಿದಳು: "ಇದು ನಿನ್ನ ಅಮ್ಮನಿಗೆ ಸಣ್ಣದಿರುವಾಗ ಬಂದ ಚಿಕನ್ ಪಾಕ್ಸಿನ ಅದೇ ವೈರಸ್. ಗುಳ್ಳೆ ಒಣಗಿದ ಮೇಲೆ ಅದು ಸಾಯುವುದಿಲ್ಲ. ಬೆನ್ನುಹುರಿಯ ಹತ್ತಿರ ನರದ ಬುಡದಲ್ಲಿ ಹೋಗಿ ಮಲಗ್ತದೆ. ಪ್ರಾಯ ಆಗಿ ಮೈಯ ಕಾವಲು ಸಡಿಲ ಆದಾಗ ಎದ್ದು, ಅದೇ ನರ ಹಿಡ್ಕೊಂಡು ಚರ್ಮಕ್ಕೆ ಬರ್ತದೆ. ಅದಕ್ಕೇ ಒಂದೇ ಪಕ್ಕ, ಅರ್ಧ ಸುತ್ತು. ತಲೆಯೂ ಇಲ್ಲ, ಬಾಲವೂ ಇಲ್ಲ."

"ಹಾಗಾದ್ರೆ ಸುಪ್ರೀತಾಳಿಗೂ ಸರ್ಪಸುತ್ತು ಬರ್ತದಾ?"

"ಇಲ್ಲ. ಗುಳ್ಳೆಯ ನೀರಿನಲ್ಲಿ ವೈರಸ್ ಉಂಟು. ಮೊದಲು ಬಂದಿದ್ದವರಿಗೆ ಹೆದರಿಕೆ ಇಲ್ಲ. ಬಾರದವರಿಗೆ ತಾಗಿದರೆ ಚಿಕನ್ ಪಾಕ್ಸ್ ಆಗ್ಬಹುದು. ಬಸುರಿಗೆ ಅದು ಒಳ್ಳೆಯದಲ್ಲ. ಶ್ವಾಸಕೋಶಕ್ಕೆ ಹೋದರೆ ಕಷ್ಟ. ಅಪರೂಪಕ್ಕೆ ಮಗುವಿಗೂ ತೊಂದರೆ ಆಗ್ತದೆ."

ಸುಪ್ರೀತಾ ಬಚ್ಚಲಿನ ಬಾಗಿಲಲ್ಲಿ ಒದ್ದೆ ಕೈ ಹಿಡಿದುಕೊಂಡು ನಿಂತಿದ್ದಳು. ಟವೆಲನ್ನು ಮುಟ್ಟಬಹುದೋ ಬಾರದೋ ಎಂದು ಅವಳಿಗೆ ತಿಳಿಯಲಿಲ್ಲ.

ಕಿನ್ನಿಗೋಳಿಯಲ್ಲಿರುವ ಅವಳ ತಾಯಿಗೆ ಫೋನು ಹೋಯಿತು. "ಬಂದಿತ್ತಲ್ಲ, ಮೂರನೇ ಕ್ಲಾಸಿನಲ್ಲಿ" ಎಂದರು. ಎಲ್ಲರೂ ಉಸಿರು ಬಿಟ್ಟೆವು. ಅರ್ಧ ಗಂಟೆ ಬಿಟ್ಟು ಅವರೇ ಮತ್ತೆ ಫೋನು ಮಾಡಿದರು. "ಅಲ್ಲ ಮಗಾ, ಅದು ನಿನ್ನ ಅಕ್ಕನಿಗೆ. ತಾಗಬಾರದು ಅಂತ ನಿನ್ನನ್ನು ಆಗ ಮುಂಬಯಿಗೆ ಚಿಕ್ಕಮ್ಮನ ಮನೆಗೆ ಕಳಿಸಿದ್ದೆವು."

ಸಾನ್ನಾ ಯಾರೂ ಮುಟ್ಟಲಿಲ್ಲ.

"ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ್ರಲ್ಲ ಅಮ್ಮ," ಎಂದ ಜಯಂತ್. "ಬಿ.ಎಸ್ಸಿ. ಮಾಡಿದ್ದು ಎಂತಕ್ಕೆ? ಮನೆಯಲ್ಲಿ ಕೂತು ಹಾವು ಓಡಿಸ್ಲಿಕ್ಕಾ?"

"ಅವರಿಗೆ ಬೈಬೇಡಿ," ಎಂದಳು ಸುಪ್ರೀತಾ. "ದೊಡ್ಡ ಮಾವನಿಗೆ ಫೋನ್ ಮಾಡಿದ್ದು ನಾನು."

"ನಿನಗೂ ಬುದ್ಧಿ ಇಲ್ಲ."

"ನಿಮಗೆ ಇತ್ತಾ? ಬಾಲ್ಕನಿಯಲ್ಲಿ ಚಂದನ ತೇದು ಕೊಟ್ಟದ್ದು ಯಾರು?"

ಅವನು ಎದ್ದುಹೋಗಿ ಬಾಲ್ಕನಿಯ ಕಟ್ಟೆಯನ್ನು ಪಾತ್ರೆ ತಿಕ್ಕುವ ನಾರಿನಿಂದ ಉಜ್ಜತೊಡಗಿದ. ಕೆಂಪು ಕಲೆ ಹೋಗಲಿಲ್ಲ.

ರಕ್ತಪರೀಕ್ಷೆಯ ಫಲಿತಾಂಶ ಬರಲು ಎರಡು ದಿನ ಹಿಡಿಯಿತು. ಸುಪ್ರೀತಾಳ ರಕ್ತದಲ್ಲಿ ಆ ವೈರಸ್ಸನ್ನು ಎದುರಿಸುವ ಶಕ್ತಿ ಇರಲಿಲ್ಲ. ಬೇರೆಯವರ ರಕ್ತದಿಂದ ತೆಗೆದ ಆ ಶಕ್ತಿಯನ್ನು ಇಂಜೆಕ್ಷನ್ನಾಗಿ ಕೊಡುತ್ತಾರಂತೆ. ಮೊದಲ ಸಲ ತಾಗಿ ಹತ್ತು ದಿನದೊಳಗೆ ಕೊಡಬೇಕು. ಎಂಟನೆಯ ದಿನ ಕೊಟ್ಟರು. ಆದರೂ ಬರುವುದೇ ಇಲ್ಲ ಎಂದು ಹೇಳುವಂತಿಲ್ಲ, ಕೊನೆಯ ಸಲ ಮುಟ್ಟಿದ ದಿನದಿಂದ ಇಪ್ಪತ್ತೆಂಟು ದಿನ ಕಾಯಬೇಕು ಎಂದರು ಡಾಕ್ಟರಮ್ಮ. ಅಷ್ಟು ದಿನ ಅವಳು ಕ್ಲಿನಿಕ್ಕಿಗೂ ಹೋಗುವಂತಿಲ್ಲ.

ನನಗೆ ದಿನಕ್ಕೆ ಐದು ಮಾತ್ರೆ ಕೊಟ್ಟರು. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಪಕ್ಕೆಯನ್ನು ಬಟ್ಟೆ ಸುತ್ತಿ ಮುಚ್ಚಿಡಬೇಕು. ನಿಶ್ಮಿತಾಳ ಹಾಸಿಗೆ ಅಪ್ಪ ಅಮ್ಮನ ಕೋಣೆಗೆ ಹೋಯಿತು. ನನ್ನ ಬಾಗಿಲ ಹೊರಗೆ ಅಡಿಗೆಮನೆಯ ಪ್ಲಾಸ್ಟಿಕ್ ಸ್ಟೂಲು ಬಂತು. ಊಟ ಅದರ ಮೇಲೆ. ಎರಡು ಸಲ ತಟ್ಟುವ ಸದ್ದು, ಆಮೇಲೆ ಚಪ್ಪಲಿಯ ಸದ್ದು ದೂರವಾಗುವುದು. ಆಗ ನಾನು ಬಾಗಿಲು ತೆರೆಯಬೇಕು.

ಸುಪ್ರೀತಾ ನನ್ನೊಡನೆ ಮಾತು ನಿಲ್ಲಿಸಿದಳು. ಆದರೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿರುತ್ತಿತ್ತು, ಅನ್ನ ಆರುತ್ತಿರಲಿಲ್ಲ. ಬಲಗೈ ಎತ್ತಿದರೆ ನನಗೆ ಪಕ್ಕೆ ಸೀಳುವಂತಾಗುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೂರನೆಯ ದಿನದಿಂದ ಚಮಚ ತಟ್ಟೆಯ ಎಡಗಡೆಗೆ ಬಂತು. ಎಡಗೈಯಲ್ಲಿ ಉಂಡರೆ ಮೊಮ್ಮಗಳಿಗೆ ಬೈಯುತ್ತಿದ್ದವಳು ನಾನೇ. ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಉಂಡೆ.

ಹಗಲಿಡೀ ಮನೆಯಲ್ಲಿ ನಾವಿಬ್ಬರೇ, ನಡುವೆ ಒಂದು ಗೋಡೆ. ಅವಳು ಕುಕ್ಕರ್ ಇಡುವುದು, ವಾಷಿಂಗ್ ಮಷಿನ್ ತೆರೆಯುವುದು, ಸೋಫಾದಿಂದ ಏಳುವಾಗ ಉಸ್ಸೆನ್ನುವುದು ನನಗೆ ಕೇಳುತ್ತಿತ್ತು. ಬೆಳಿಗ್ಗೆ, ಸಂಜೆ ಥರ್ಮಾಮೀಟರು ಕುಂಯ್ ಎನ್ನುತ್ತಿತ್ತು. ಅದು ಒಂದೇ ಸಲ ಕೂಗಿದರೆ ಜ್ವರವಿಲ್ಲ ಎಂದು ಕ್ಲೊಟಿಲ್ಡಾ ಹೇಳಿದ್ದಳು. ನಾನು ಹಾಸಿಗೆಯಲ್ಲಿ ಕೂತು ಎರಡನೆಯ ಕೂಗು ಬರಬಾರದೆಂದು ಕಾಯುತ್ತಿದ್ದೆ.

ಸಂಜೆ ನಿಶ್ಮಿತಾ ಬಾಗಿಲ ಹೊರಗೆ ನೆಲದ ಮೇಲೆ ಕೂರುತ್ತಿದ್ದಳು.

"ಅಜ್ಜಿ, ನಂಗೆ ವ್ಯಾಕ್ಸಿನ್ ಆಗಿದೆ. ಕಾರ್ಡಲ್ಲಿ ಇದೆ. ಆದ್ರೂ ಮಮ್ಮಿ ಒಳಗೆ ಬಿಡಲ್ಲ. ಇಟ್ಸ್ ನಾಟ್ ಫೇರ್."

"ಅಮ್ಮ ಹೇಳಿದ ಹಾಗೆ ಕೇಳು."

"ವೈರಸ್‌ಗೆ ಕಣ್ಣಿದ್ಯಾ?"

"ಕಣ್ಣಿಲ್ಲ, ಬಾಯಿಲ್ಲ. ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಹೊರಗೆ ಬಿದ್ದಿದ್ದರೆ ಒಂದು ಧೂಳಿನ ಹಾಗೆ. ನಮ್ಮ ಜೀವಕೋಶದ ಒಳಗೆ ಹೋದರೆ ಮಾತ್ರ ತನ್ನಂಥದ್ದನ್ನೇ ಸಾವಿರ ಮಾಡಿಸಿಕೊಳ್ತದೆ."

"ಮತ್ತೆ ನಿಮ್ಮೊಳಗೆ ಸಿಕ್ಸ್ಟಿ ಇಯರ್ಸ್ ಸುಮ್ನೆ ಇತ್ತಾ? ವಿದೌಟ್ ವೀಸಾ?"

ನಗು ಬಂತು. ನಕ್ಕರೆ ಪಕ್ಕೆ ನೋಯುತ್ತಿತ್ತು.

"ನಿಶ್ಮಿತಾ, ಹೋಮ್‌ವರ್ಕ್!" ಒಳಗಿನಿಂದ ಸುಪ್ರೀತಾಳ ದನಿ. ಪುಟ್ಟ ಹೆಜ್ಜೆಗಳು ಎದ್ದು ಹೋದವು.

ಲೋಕಯ್ಯ ಭಾವ ಫೋನು ಮಾಡಿದ ದಿನ ಅವಳ ಇಡೀ ಮಾತು ನನಗೆ ಕೇಳಿಸಿತು.

"ಗೆರೆ ನಿಲ್ಲಿಸಿದ್ದೇವೆ ದೊಡ್ಡ ಮಾವ... ಇಲ್ಲ, ಇನ್ನು ಎಳೆಯುವುದಿಲ್ಲ... ಹಾವು ನಿಂತಿದೆ, ಹೌದು. ಈಗ ನನ್ನ ಮೈಗೆ ಬರ್ತದಾ ಅಂತ ಕಾಯ್ತಾ ಇದ್ದೇನೆ. ಇನ್ನು ಯಾರಾದರೂ ಬಸುರಿಯ ಕೈ ಕೇಳಿದರೆ ದಯವಿಟ್ಟು ಮೊದಲು ಡಾಕ್ಟರಿಗೆ ತೋರಿಸ್ಲಿಕ್ಕೆ ಹೇಳಿ, ಆಯ್ತಾ?" ಕುರ್ಚಿ ಎಳೆದು ಕೂತ ಸದ್ದಾಯಿತು. "ಅಳ್ಬೇಡಿ ಮಾವ. ನಿಮ್ಮ ಶುಗರಿನ ಮಾತ್ರೆ ತಗೊಂಡ್ರಾ?"

ಆ ಇಪ್ಪತ್ತೆಂಟರ ಲೆಕ್ಕದಲ್ಲಿ ಹದಿನಾಲ್ಕನೆಯ ದಿನ ಅವಳ ಕುತ್ತಿಗೆಯಲ್ಲಿ ಕೆಂಪಗೆ ಒಂದು ಗುಳ್ಳೆ ಎದ್ದಿತು. ಜಯಂತ್ ಕೆಲಸ ಬಿಟ್ಟು ಓಡಿಬಂದ.

"ಒಂದೇ ಉಂಟಾ? ಬೆನ್ನಿನಲ್ಲಿ ನೋಡು."

"ಬೆನ್ನು ನನಗೆ ಹೇಗೆ ಕಾಣ್ತದೆ? ನೀವು ನೋಡಿ."

"ಇಲ್ಲಿಯೂ ಒಂದು ಉಂಟಲ್ಲ!"

"ಅದು ಮಚ್ಚೆ. ಮದುವೆಯಾಗಿ ಹತ್ತು ವರ್ಷ ಆಯ್ತು, ಈಗ ಕಂಡದ್ದಾ?"

ಕ್ಲೊಟಿಲ್ಡಾ ಡ್ಯೂಟಿಯ ಉಡುಪಿನಲ್ಲೇ ಬಂದು ಟಾರ್ಚು ಬಿಟ್ಟು ನೋಡಿದಳು. "ಸೊಳ್ಳೆ," ಎಂದಳು. ಸುಪ್ರೀತಾ ಗಟ್ಟಿಯಾಗಿ ಅಳತೊಡಗಿದಳು. ಗೋಡೆಯ ಈಚೆ ನಾನು ನನ್ನ ಬಾಗಿಲ ಹಿಡಿಯನ್ನು ಹಿಡಿದು ನಿಂತಿದ್ದೆ. ತಿರುಗಿಸಲಿಲ್ಲ.

ಅಷ್ಟರಲ್ಲಿ ನನ್ನ ಗುಳ್ಳೆಗಳು ಒಣಗಿ ಕಪ್ಪಾಗಿದ್ದವು. ಡಾಕ್ಟರು ನೋಡಿ, ಇನ್ನು ಇವರಿಂದ ಯಾರಿಗೂ ತಾಗುವುದಿಲ್ಲ, ಹೊರಗೆ ಬರಬಹುದು ಎಂದರು. ನೋವು ಮಾತ್ರ ಕೆಲವು ತಿಂಗಳು ಉಳಿಯಬಹುದಂತೆ, ನರಕ್ಕೆ ಏಟಾಗಿದೆ. ಜಯಂತ್ ಕಾರಿನಲ್ಲಿ ಬರುವಾಗ ಇದನ್ನೆಲ್ಲ ಸುಪ್ರೀತಾಳಿಗೆ ಫೋನಿನಲ್ಲಿ ಹೇಳಿದ. ಅವಳು "ಹ್ಞೂಂ" ಎಂದಳು. ಆ ರಾತ್ರಿಯೂ ಊಟ ಸ್ಟೂಲಿನ ಮೇಲೆ ಬಂತು. ಮರುದಿನವೂ. ನಾನೂ ಕೇಳಲಿಲ್ಲ. ಸೀರೆಗಳನ್ನು ಮಡಚಿ ಸೂಟ್‌ಕೇಸಿಗೆ ತುಂಬಿದೆ.

"ನನಗೊಂದು ಟಿಕೆಟ್ ಮಾಡಿಸು ಮಗಾ," ಎಂದೆ ಜಯಂತನಿಗೆ. "ಹೆರಿಗೆಗೆ ಅವಳ ಅಮ್ಮ ಬರಲಿ."

ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅಂದು ಬೈದದ್ದಕ್ಕೆ ಏನೋ ಹೇಳಬೇಕೆಂದು ಅವನ ಮುಖದಲ್ಲಿತ್ತು. "ಏಸಿಯ ಗಾಳಿ ನೇರ ನಿಮ್ಮ ಪಕ್ಕೆಗೆ ಬರ್ತದೆ," ಎಂದ ಕೊನೆಗೆ. ಏಣಿ ತಂದು ಅದರ ರೆಕ್ಕೆಗಳನ್ನು ಗೋಡೆಯ ಕಡೆ ತಿರುಗಿಸಿ ಹೋದ. ಚಳಿಗಾಲ, ಏಸಿ ಹಾಕಿಯೇ ಇರಲಿಲ್ಲ.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಎರಡು ಸಲ ತಟ್ಟಿದ ಮೇಲೆ ಚಪ್ಪಲಿಯ ಸದ್ದು ದೂರವಾಗಲಿಲ್ಲ.

"ಅತ್ತೆ."

ಇಪ್ಪತ್ತೊಂದು ದಿನದಲ್ಲಿ ಅದೇ ಮೊದಲ ಮಾತು. ನಾನು ಮುಚ್ಚಿದ ಬಾಗಿಲಿನ ಈಚೆ ಬಂದು ನಿಂತೆ.

"ನಿಮಗೆ ಗೊತ್ತಿತ್ತಾ?"

"ತಾಗ್ತದೆ ಅಂತ ಗೊತ್ತಿರಲಿಲ್ಲ ಮಗಾ. ದೇವರಾಣೆ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಆದರೆ ಕೇಳಬಹುದಿತ್ತು. ಎದುರು ಬಾಗಿಲಿನಲ್ಲೇ ನರ್ಸು ಇದ್ದಾಳೆ. ಹಾವು ಗೀವು ನಾನು ನಂಬಿದವಳೂ ಅಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದರೆ ನಿಲ್ಲಿಸ್ಲಿಕ್ಕೆ ಹೇಳ್ತಾಳೆ ಅಂತ. ನಿನ್ನ ಬೆರಳು ತಣ್ಣಗಿತ್ತು. ನಿನ್ನ ಮಾವ ಹೋದ ಮೇಲೆ ನನ್ನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ."

ಒಂದು ವಿಮಾನ ಇಳಿಯಿತು. ಅದರ ಸದ್ದು ಅಡಗಿದ ಮೇಲೆ ಚಪ್ಪಲಿಯ ಸದ್ದು ನಿಧಾನವಾಗಿ ಅಡಿಗೆಮನೆಗೆ ಹೋಯಿತು. ತಟ್ಟೆ ತೆಗೆದುಕೊಳ್ಳಲು ನನಗೆ ತುಂಬ ಹೊತ್ತು ಹಿಡಿಯಿತು. ಕವುಚಿದ ತಟ್ಟೆಯ ಕೆಳಗೆ ಅನ್ನ ಆರಿತ್ತು.

ಉಳಿದ ವಾರ ಹಾಗೆಯೇ ಕಳೆಯಿತು. ರಮ್ದಾನ್ ಉಪವಾಸ ಶುರುವಾಗಿ ಕೆಳಗಿನ ಖುಬ್ಬೂಸ್ ಒಲೆಯೂ ಹಗಲು ತಣ್ಣಗಾಯಿತು. ಬೀದಿಯೂ ಮಧ್ಯಾಹ್ನ ಮಲಗಿರುತ್ತಿತ್ತು. ಥರ್ಮಾಮೀಟರು ಒಂದೊಂದೇ ಸಲ ಕೂಗುತ್ತಿತ್ತು. ಸ್ಕ್ಯಾನಿನಲ್ಲಿ ಮಗು ಚೆನ್ನಾಗಿದೆ, ಬೆಳವಣಿಗೆ ಸರಿಯಾಗಿದೆ ಎಂದು ಜಯಂತ್ ಬಂದು ಹೇಳಿದ. ಇಪ್ಪತ್ತೆಂಟನೆಯ ಸಂಜೆ ಕ್ಲೊಟಿಲ್ಡಾ ಬಂದು ಸುಪ್ರೀತಾಳ ಮೈಯನ್ನೆಲ್ಲ ನೋಡಿ, "ಮುಗೀತು ಮಾರಾಯ್ತಿ. ಬರಲಿಲ್ಲ. ಇನ್ನು ಬರುವುದಿಲ್ಲ" ಎಂದದ್ದು ಗೋಡೆಯ ಈಚೆಗೂ ಕೇಳಿತು. ನಿಶ್ಮಿತಾ ಚಪ್ಪಾಳೆ ತಟ್ಟಿದಳು. ನಾನು ಹಾಸಿಗೆಯ ಮೇಲೆ ಕೂತೇ ಕೈ ಮುಗಿದೆ. ಆಮೇಲೆ ಸೂಟ್‌ಕೇಸಿನ ಜಿಪ್ಪು ಎಳೆದೆ.

ಮರುದಿನ ಅಪ್ಪ, ಮಗಳು ಶಾಲೆಯ ಶೂ ಕೊಳ್ಳಲು ಹೋಗಿದ್ದರು. ಒಂದು ಗಂಟೆಯಾಯಿತು. ಬಾಗಿಲು ತಟ್ಟುವ ಸದ್ದು ಬರಲಿಲ್ಲ. ಒಂದೂವರೆಯಾಯಿತು. ಮರೆತಿರಬೇಕು, ನಾಲ್ಕು ವಾರದ ಆಯಾಸ, ಮಲಗಿರಲಿ ಎಂದುಕೊಂಡು ಒಂದು ಲೋಟ ನೀರು ಕುಡಿದೆ.

ಆಗ ಬಾಗಿಲಿನ ಸಂದಿನಿಂದ ವಾಸನೆ ಬಂತು. ಬಾಣಲೆಯಲ್ಲಿ ಹುರಿಯುತ್ತಿರುವ ಒಣಸೀಗಡಿ. ಆಮೇಲೆ ಸುಟ್ಟ ಮೆಣಸು, ಕಾಯಿ, ಹುಣಸೆ. ಅಡಿಗೆಮನೆಯಲ್ಲಿ ಯಾರೋ ಎರಡು ಸಲ ಓಕರಿಸಿದರು. ನಲ್ಲಿ ಬಿಟ್ಟ ಸದ್ದಾಯಿತು. ಮತ್ತೆ ಬಾಣಲೆಯ ಸದ್ದು ಮುಂದುವರಿಯಿತು.

ಬಾಗಿಲು ತೆರೆದೆ. ಸ್ಟೂಲು ಅಲ್ಲಿರಲಿಲ್ಲ. ಸುಪ್ರೀತಾ ದುಪಟ್ಟಾವನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು, ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಗಂಜಿಯ ತಟ್ಟೆ ಹಿಡಿದು ಬರುತ್ತಿದ್ದಳು. ಕಣ್ಣಿನಲ್ಲಿ ನೀರಿತ್ತು, ಹೊಗೆಗಿರಬಹುದು. ತಟ್ಟೆಯ ಅಂಚಿನಲ್ಲಿ ಸೀಗಡಿ ಚಟ್ನಿ, ಎಡಗಡೆಗೆ ಚಮಚ.

ಅವಳು ಹತ್ತಿರ ಬಂದು ತಟ್ಟೆಯನ್ನು ನನ್ನ ಕೈಯಲ್ಲಿಟ್ಟಳು. ಬಲಗೈ ಚಾಚಿದಾಗ ಪಕ್ಕೆ ಚುಚ್ಚಿತು. ನಾನು ಸರಿಯಾಗಿ ಹಿಡಿಯುವವರೆಗೆ, ತನ್ನ ಬೆರಳುಗಳನ್ನು ನನ್ನ ಬೆರಳುಗಳ ಕೆಳಗೆ ಹಾಗೆಯೇ ಇಟ್ಟುಕೊಂಡು ನಿಂತಳು.